ಸಮುದಾಯದ ಪಾಲು

ಹೆಬ್ಬಾಳದ ಬೇರಿಂಗು ಕಂಪನಿಯವರು
ನಮ್ಮ ಕೇರಿಯ ಗರಡಿಮನೆಗೆ ಹೆಂಚು ಹೊದಿಸ್ತೀವಿ ಅಂದರು.
ಬೇಡ ಅನ್ನೋರು ಯಾರು?
ಮೂರು ಮಳೆಗಾಲ ಮಟ್ಟಿಯೊಳಗೆ ಕಪ್ಪೆಗಳು ಸಾಮು ತೆಗೆದಿದ್ದವು,
ಹನುಮಪ್ಪನ ಗೂಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ
ಅದಕ್ಕೇ ಕೈಮುಗಿದಿದ್ದೆವು.

ಚೆನ್ನೈಯಿಂದ ಒಬ್ಬ ತಜ್ಞ ಬಂದ.
ಸುಣ್ಣ, ಬೆಲ್ಲ, ಅಳಲೆಕಾಯಿ
ಹೀಗ್ಹೀಗೆ ಕೊಳೆಸಬೇಕು ಅಂತ
ಪರದೆ ಕಟ್ಟಿ ಚಿತ್ರ ತೋರಿಸಿದ.
ಸುಣ್ಣದಕೇರಿಯ ನಾವು
ನೆಲದ ಮೇಲೆ ಕೂತು ಕಲಿತೆವು.
ಹಿಂದಿನ ಸಾಲಲ್ಲಿ ಮರಿನಂಜಣ್ಣ
(ಅವನ ತಾತನ ಸುಣ್ಣದ ಗೂಡಿದ್ದ ಜಾಗದಲ್ಲಿ ಈಗ ಮೊಬೈಲಂಗಡಿ)
ಒಂದು ಸಲ ಕೆಮ್ಮಿದ, ಅಷ್ಟೆ.

ಆಮೇಲೆ ಬಂದಳು ಶರ್ವಾಣಿ ಮೇಡಂ,
ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಕಡತ.
ಹೊಸ್ತಿಲಲ್ಲಿ ಉಸ್ತಾದ್ ಕೆಂಪಯ್ಯ ಒಂದು ಗಳಿಗೆ ತಡೆದ.
ಹೆಂಗಸು ದಾಟಿದ್ದಿಲ್ಲ ಅದನ್ನ, ಅವರಜ್ಜನ ಕಾಲದಿಂದ.
ಮುರಿದ ಜಂತೆ ನೋಡಿದ, ಮೋಡ ನೋಡಿದ,
"ಚಪ್ಪಲಿ ಮಾತ್ರ ಬಿಟ್ಟು ಬನ್ನಿಯಮ್ಮ" ಅಂದ.

ನಾನು ಹೊರಗಿದ್ದೆ, ಎಣ್ಣೆ ಕ್ಯಾನು ಹಿಡಿದು.
ನಲವತ್ತೊಂದು ವರ್ಷದಿಂದ ಹೊರಗಿದ್ದೆ.

ಒಳಗಿಂದ ಅವಳ ದನಿ:
"ಇಲ್ಲೊಂದು ಕಾಲಂ ಇದೆ ಸಾರ್.
ಸಮುದಾಯದ ಪಾಲು, ರೂಪಾಯಿಗಳಲ್ಲಿ.
ಖಾಲಿ ಬಿಟ್ಟರೆ ಹೆಡ್ಡಾಫೀಸು ಒಪ್ಪಲ್ಲ."

ಉಸ್ತಾದ್ ಲೆಕ್ಕಕ್ಕೆ ಕೂತ.
ಮಟ್ಟಿ ಹದ ಮಾಡೋಕೆ ಎಳ್ಳೆಣ್ಣೆ, ಹನ್ನೆರಡು ಸೇರು, ಗಾಣದ ಮನೆಯದು.
ಅರಿಶಿನ, ದುಂಡಮ್ಮನ ಒರಳಿಂದ.
ಹಾಲು, ಹಸು ಕೊಟ್ಟಷ್ಟು.
ಲೋಬಾನ ಬುಡನ್ ಸಾಬರದು.
ಅವರು ತೀರಿಕೊಂಡ ವರ್ಷವೂ ತಪ್ಪಲಿಲ್ಲ,
ಮೂರನೇ ದಿನಕ್ಕೇ ಮಗ ತಂದಿಟ್ಟ, ಕಣ್ಣು ಕೆಂಪಗೆ.
ನಿಂಬೆಹಣ್ಣು ಯಾರದೋ ಗೊತ್ತಿಲ್ಲ,
ಬೆಳಕು ಹರಿಯೋದರೊಳಗೆ ಜಗಲಿ ಮೇಲಿರ್ತವೆ.

"ಇನ್ನೊಂದು ಬರ್ಕೊಳ್ಳಿ," ಅಂದ.
"ಕರ್ಫ್ಯೂ ಬಿದ್ದಿತ್ತಲ್ಲ ಒಂದು ಸಲ,
ಎರಡೂ ಬೀದಿಯ ಬಿಸಿರಕ್ತದ ಹುಡುಗರನ್ನ ಒಳಗೆ ಕೂಡಿ
ಚಿಲಕ ಜಡಿದು
ಐದು ದಿನ ಕುಸ್ತಿ ಆಡಿಸಿದೆ.
ರಾತ್ರಿ ಹೊಡೆದಾಡೋಕೆ ಯಾರಿಗೂ ತ್ರಾಣ ಉಳಿಯದ ಹಾಗೆ.
ಅದಕ್ಕೆಷ್ಟು ಹಾಕ್ತೀರಿ?"

ಪೆನ್ನಿನ ಸದ್ದು ನಿಂತಿತು.

ಹೊರಗೆ ಬಂದು ನನ್ನ ಕ್ಯಾನು ನೋಡಿದಳು.
"ಲೀಟರಿಗೆ ಎಷ್ಟಜ್ಜಿ?"
ನಾಲ್ಕಾಣೆಗೂ ಗಿರಾಕಿ ಜೊತೆ ಜಗಳ ಕಾಯೋಳು ನಾನು,
ಬಾಯೇ ಬರಲಿಲ್ಲ.
"ಇದು ಮಾರಿದ್ದಲ್ಲವ್ವ" ಅಂದೆ.
ಪಾಪ, ಒಳ್ಳೇ ಹುಡುಗಿ.
ಕಾಲಂ ಮಾಡಿದ್ದು ಅವಳಲ್ಲ.
ಏನೋ ಒಂದು ಗೀಚಿ ಕಡತ ಮುಚ್ಚಿದಳು.

ಹೆಂಚು ಬಂತು. ಗಾರೆ ಬಂತು. ಕೆಂಪು ಪಟ್ಟೆ ಬಂತು.
ಬಾಗಿಲ ಪಕ್ಕ ಕರೀಕಲ್ಲಿನ ಫಲಕ,
ಕಂಪನಿಯ ಹೆಸರು, ಅದರ ಯಜಮಾನರ ಹೆಸರು, ತಂದೆಯವರ ಹೆಸರು,
ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರ.
ಮೊಮ್ಮಗ ಬಗ್ಗಿ ಓದಿದ: "ಸಮುದಾಯದ ಸಹಕಾರದೊಂದಿಗೆ.
ಅದ್ಯಾರಜ್ಜಿ?"
ನಮ್ಮ ಕಡೆಯೋರಲ್ಲ ಮಗ, ಅಂದುಬಿಟ್ಟೆ.

ಆ ರಾತ್ರಿ ಮಟ್ಟಿ ಕಲಸೋ ಹೊತ್ತಿಗೆ
ಒಳಗಿಂದಲೇ ಕೆಂಪಯ್ಯ ಕೂಗಿದ:
"ಸಿದ್ದಾಜಮ್ಮ, ಇನ್ನು ಹೊರಗೇನು ಕೆಲಸ? ನೀನೇ ಬಂದು ಸುರಿ."
ಕಾಲು ಕೊಳೆಯಾಗಿದೆ ಅಂದೆ. ಸುಳ್ಳು.
ಹೊಸ್ತಿಲ ಮೇಲೆ ಎಷ್ಟೋ ಹೊತ್ತು ನಿಂತು
ಆಮೇಲೆ ಹೋದೆ.

ಇಷ್ಟೇನಾ!
ನಮ್ಮ ಕೊಟ್ಟಿಗೆಗಿಂತ ಚಿಕ್ಕದು.
ಇಷ್ಟು ಜಾಗ ಕುಡಿದಿತ್ತು ಅಷ್ಟೂ ವರ್ಷದ ಎಣ್ಣೆ.
ಸುರಿದೆ. ಸುರಿದು, ಕೈ ಹಾಕಿದೆ.
ತಣ್ಣಗಿತ್ತು, ಕಾರ್ತೀಕದ ಬಾವಿಯ ಹಾಗೆ.
ಬೆರಳ ಸಂದಿಯಲ್ಲಿ ದುಂಡಮ್ಮನ ಅರಿಶಿನ.

ಹೊರಗೆ ಮಳೆ ಹಿಡಿಯಿತು.
ಮೇಲೆ ಕಂಪನಿಯ ಹೆಂಚು.
ಇದ್ದದ್ದು ಇದ್ದ ಹಾಗೆ ಹೇಳಬೇಕು,
ಒಂದು ಹನಿಯೂ ಸೋರಲಿಲ್ಲ.